ಕಟ್ಟು ಚೆಲ್ಲಬೇಡಿ: ಖಾರದ ಕಾಳಿನಡುಗೆಯ ಬಗ್ಗೆ ಒಂದು ಮಾತು

(ಮನೆಯಡುಗೆಯ ಕುರಿತು ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮಾತಿಗೆ ಮೊದಲು ಈ ಮೇಜಿನ ಮೇಲಿರುವ ಎರಡು ಬಟ್ಟಲುಗಳನ್ನು ನಿಮ್ಮ ನಡುವೆ ಕಳುಹಿಸುತ್ತಿದ್ದೇನೆ. ಎರಡರಲ್ಲೂ ಇರುವುದು ಒಂದೇ ಚೀಲದ ರಾಜ್ಮಾ ಕಾಳು. ಒಂದೇ ರಾತ್ರಿ, ಒಂದೇ ಪಾತ್ರೆಯಲ್ಲಿ ನೆನೆದ ಕಾಳು. ಬೆಳಿಗ್ಗೆ ಎರಡು ಒಲೆಗಳ ಮೇಲೆ, ಒಂದೇ ಅಳತೆಯ ನೀರಿನಲ್ಲಿ, ಒಂದೂವರೆ ಗಂಟೆ ಬೆಂದಿದೆ. ಎರಡಕ್ಕೂ ಬಿದ್ದದ್ದು ಅದೇ ಈರುಳ್ಳಿ, ಅದೇ ಟೊಮ್ಯಾಟೊ, ಅದೇ ಮಸಾಲೆ. ಒಂದೊಂದು ಕಾಳನ್ನು ತೆಗೆದು ಹೆಬ್ಬೆರಳು ತೋರುಬೆರಳುಗಳ ನಡುವೆ ಇಟ್ಟು ಮೆಲ್ಲಗೆ ಒತ್ತಿ ನೋಡಿ. ತಿನ್ನುವುದು ಬೇಡ, ಒತ್ತಿದರೆ ಸಾಕು. ಬಿಳಿ ಬಟ್ಟಲಿನ ಕಾಳು ಬೆಣ್ಣೆಯ ಹಾಗೆ ಚಪ್ಪಟೆಯಾಗುತ್ತದೆ. ನೀಲಿ ಬಟ್ಟಲಿನ ಕಾಳು ಮೇಲೆ ಮೆತ್ತಗಿದ್ದರೂ ನಡುವೆ ಬೆರಳಿಗೆ ಎದುರು ನಿಲ್ಲುತ್ತದೆ. ಬಿರಿದು ನೋಡಿದರೆ ಒಳಗೆ ಸೀಮೆಸುಣ್ಣದಂಥ ತಿರುಳು.

ಎರಡರ ನಡುವಿನ ವ್ಯತ್ಯಾಸ ಇಷ್ಟೇ. ನೀಲಿ ಬಟ್ಟಲಿಗೆ ಟೊಮ್ಯಾಟೊ ಮೊದಲೇ ಬಿದ್ದಿದೆ, ಬಿಳಿ ಬಟ್ಟಲಿಗೆ ಕಾಳು ಬೆಂದ ಮೇಲೆ ಬಿದ್ದಿದೆ.

ನೀಲಿ ಬಟ್ಟಲಿನ ತಪ್ಪನ್ನು ನಾನು ಹಿಂದೊಮ್ಮೆ ನಿಜವಾಗಿಯೂ ಮಾಡಿದ್ದೇನೆ. ಮನೆಗೆ ಎಂಟು ಜನ ಊಟಕ್ಕೆ ಬರುವವರಿದ್ದರು. ಕಾಳು, ಟೊಮ್ಯಾಟೊ, ಮಸಾಲೆ, ನೀರು ಎಲ್ಲವನ್ನೂ ಒಟ್ಟಿಗೆ ದೊಡ್ಡ ಪಾತ್ರೆಗೆ ಸುರಿದು ಒಲೆ ಹಚ್ಚಿದೆ. ಒಂದು ಗಂಟೆಯಾಯಿತು, ಎರಡಾಯಿತು, ಮೂರಾಯಿತು. ನೀರು ಬತ್ತಿ ಮಸಾಲೆ ತಳ ಹಿಡಿಯತೊಡಗಿತು, ಕಾಳು ಮಾತ್ರ ಹಟ ಬಿಡಲಿಲ್ಲ. ಬಂದವರು ಒಂದು ಮಾತೂ ಆಡದೆ ಊಟ ಮುಗಿಸಿದರು. ತಟ್ಟೆ ಎತ್ತುವಾಗ ನೋಡಿದರೆ ಪ್ರತಿಯೊಂದರ ಅಂಚಿನಲ್ಲೂ ಬದಿಗೆ ಸರಿಸಿಟ್ಟ ಕಾಳುಗಳ ಸಾಲು. ಆ ಸಾಲುಗಳು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿವೆ. ಅಲ್ಲಿಂದ ಈಚೆಗೆ ಕಾಳಿನ ಅಡುಗೆಯನ್ನು ಅಕ್ಕರೆಯಿಂದ ಕಲಿತಿದ್ದೇನೆ. ಆ ಕಲಿಕೆಯಲ್ಲಿ ನನಗೆ ದಕ್ಕಿದ ಮುಖ್ಯ ಸಂಗತಿ ಎರಡು ತುಂಡುಗಳದು: ಕಾಳಿಗೆ ಯಾವುದನ್ನು ಯಾವಾಗ ಹಾಕುತ್ತೇವೆ ಎನ್ನುವುದು ಮಸಾಲೆಯ ಪಟ್ಟಿಗಿಂತ ದೊಡ್ಡದು, ಕಾಳು ಬೆಂದ ನೀರು, ಅಂದರೆ ಕಟ್ಟು, ಆ ಅಡುಗೆಯ ಜೀವ. ಇವತ್ತಿನ ಮಾತೆಲ್ಲ ಈ ಎರಡರ ಸುತ್ತ.

ಮೊದಲು ಕಾಳಿನೊಳಗೆ ಹೋಗೋಣ. ಅಲ್ಲಿ ಜೀವಕೋಶಗಳು ಇಟ್ಟಿಗೆಗಳ ಹಾಗೆ ಒತ್ತೊತ್ತಾಗಿ ಜೋಡಿಸಿಕೊಂಡಿವೆ. ಇಟ್ಟಿಗೆಗಳನ್ನು ಹಿಡಿದಿಟ್ಟಿರುವ ಗಾರೆ ಪೆಕ್ಟಿನ್. ಹಣ್ಣಿನ ಜಾಮ್ ಗಟ್ಟಿಯಾಗುವುದೂ ಇದೇ ಪೆಕ್ಟಿನ್‌ನಿಂದ. ಬಿಸಿನೀರಿನಲ್ಲಿ ಈ ಗಾರೆ ಕರಗಿ, ಇಟ್ಟಿಗೆಗಳು ಒಂದನ್ನೊಂದು ಬಿಟ್ಟಾಗ ಕಾಳು ಬೆಂದಿತು ಎನ್ನುತ್ತೇವೆ. ಹುಳಿ ಸೇರಿದ ನೀರಿನಲ್ಲಿ ಗಾರೆ ಸುಲಭವಾಗಿ ಕರಗುವುದಿಲ್ಲ. ಕ್ಯಾಲ್ಸಿಯಂ ಹೆಚ್ಚಿರುವ ಗಡಸು ನೀರಿನಲ್ಲಿ ಅದು ಇನ್ನಷ್ಟು ಬಿಗಿಯಾಗುತ್ತದೆ. ಟೊಮ್ಯಾಟೊ, ನಿಂಬೆರಸ, ವಿನೆಗರ್, ಹುಣಸೆಹಣ್ಣು, ಯಾವುದೇ ಹುಳಿಯಾಗಲಿ, ಮೊದಲೇ ಬಿದ್ದರೆ ನಾವು ಒಲೆಯ ಮುಂದೆ ಕಾಯುತ್ತಲೇ ಇರಬೇಕು.

ಆದರೆ ಇದೇ ಗುಣವನ್ನು ನಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳಬಹುದು. ಕಾಳು ಬೇಕಾದ ಹದಕ್ಕೆ ಬೆಂದ ಕ್ಷಣದಲ್ಲಿ ಟೊಮ್ಯಾಟೊ ಹಾಕಿದರೆ ಅದು ಲಗಾಮಿನ ಹಾಗೆ ಕೆಲಸ ಮಾಡುತ್ತದೆ. ಮುಂದೆ ಮಸಾಲೆಯೊಂದಿಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿಟ್ಟರೂ ಕಾಳು ಕರಗಿ ಗಂಜಿಯಾಗುವುದಿಲ್ಲ. ಕಾಕಂಬಿಯಲ್ಲಿ, ಅಂದರೆ ಸಕ್ಕರೆ ತಯಾರಿಸುವಾಗ ಉಳಿಯುವ ಕಪ್ಪು ಪಾಕದಲ್ಲಿ, ಹುಳಿ, ಸಕ್ಕರೆ, ಕ್ಯಾಲ್ಸಿಯಂ ಮೂರೂ ಇವೆ. ಅದನ್ನು ಹಾಕಿ ಬೇಯಿಸಿದ ಕಾಳು ಗಂಟೆಗಟ್ಟಲೆ ಬೆಂಕಿಯ ಮೇಲಿದ್ದರೂ ಆಕಾರ ಬಿಡದಿರುವುದು ಇದೇ ಕಾರಣಕ್ಕೆ.

ಇನ್ನು ಉಪ್ಪು. ಮೊದಲೇ ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತನ್ನು ನೀವೆಲ್ಲ ಕೇಳಿರುತ್ತೀರಿ. ನಾನೂ ಬಹಳ ಕಾಲ ಅದನ್ನೇ ನಂಬಿದ್ದೆ. ನಡೆಯುವುದು ಇದಕ್ಕೆ ತಿರುಗುಮುರುಗಾಗಿ. ಸಿಪ್ಪೆಯಲ್ಲಿರುವ ಪೆಕ್ಟಿನ್ ಅನ್ನು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕೊಂಡಿ ಹಾಕಿ ಹಿಡಿದಿರುತ್ತವೆ. ಉಪ್ಪಿನಲ್ಲಿರುವ ಸೋಡಿಯಂ ಅವುಗಳಲ್ಲಿ ಒಂದಷ್ಟನ್ನು ಹೊರದೂಡಿ ತಾನು ಅಲ್ಲಿ ಕೂರುತ್ತದೆ, ಕೊಂಡಿ ಸಡಿಲಾಗುತ್ತದೆ, ಸಿಪ್ಪೆ ಮೆತ್ತಗಾಗುತ್ತದೆ. ಉಪ್ಪುನೀರಿನಲ್ಲಿ ನೆನೆದ ಕಾಳಿನ ಸಿಪ್ಪೆ ಒಡೆಯುವುದೂ ಕಡಿಮೆ. ಒಂದು ಲೀಟರ್ ನೀರಿಗೆ ಸುಮಾರು 15 ಗ್ರಾಂ, ಅಂದರೆ ಒಂದು ದೊಡ್ಡ ಚಮಚ ಉಪ್ಪು ಸಾಕು. ರುಚಿಯ ಲೆಕ್ಕವೂ ಇಲ್ಲಿದೆ. ಕೊನೆಯಲ್ಲಿ ಹಾಕಿದ ಉಪ್ಪು ಕಾಳಿನ ಸುತ್ತ ಮಾತ್ರ ನಿಲ್ಲುತ್ತದೆ. ಕಚ್ಚಿದರೆ ಹೊರಗೆ ಉಪ್ಪು, ಒಳಗೆ ಸಪ್ಪೆ. ಮೊದಲೇ ಸೇರಿದ ಉಪ್ಪು ಕಾಳಿನ ಹೊಟ್ಟೆಯವರೆಗೆ ಇಳಿದಿರುತ್ತದೆ. ಉಪ್ಪಿಗಿಂತ ರುಚಿಯಿಲ್ಲ ಎನ್ನುವ ಗಾದೆ ಕಾಳಿನ ವಿಷಯದಲ್ಲಿ ಅಕ್ಷರಶಃ ನಿಜ.

ಎಷ್ಟು ಹೊತ್ತು ಬೇಯಿಸಿದರೂ ಬೇಯದ ಕಾಳು ಕೆಲವೊಮ್ಮೆ ಕೈಗೆ ಸಿಗುತ್ತದೆ. ಅಡುಗೆ ಮಾಡಿದವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ, ತಪ್ಪು ಅವರದಲ್ಲ. ಬಿಸಿಯೂ ತೇವವೂ ಕೂಡಿದ ಜಾಗದಲ್ಲಿ ತಿಂಗಳುಗಟ್ಟಲೆ ಕೂತ ಕಾಳಿನಲ್ಲಿ ಫೈಟೇಟ್ ಎಂಬ ವಸ್ತು ಒಡೆದು, ಅದು ಹಿಡಿದಿಟ್ಟುಕೊಂಡಿದ್ದ ಕ್ಯಾಲ್ಸಿಯಂ ಬಿಡುಗಡೆಯಾಗಿ, ನೇರವಾಗಿ ಆ ಗಾರೆಗೆ ಹೋಗಿ ಸೇರುತ್ತದೆ. ಗಾರೆ ಸಿಮೆಂಟಾಗುತ್ತದೆ. ಇಂಥ ಕಾಳಿಗೆ ಚಿಟಿಕೆ ಅಡುಗೆ ಸೋಡಾ ನೆರವಾಗುತ್ತದೆ. ಚಿಟಿಕೆ ಎಂದರೆ ಚಿಟಿಕೆಯೇ. ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ, ಕಾಳು ಲೋಳೆಯಾಗುತ್ತದೆ, ಬಿ1 ಜೀವಸತ್ವವೂ ಹಾಳಾಗುತ್ತದೆ. ಕಾಳನ್ನು ತಂಪಾದ, ಒಣಗಿದ ಜಾಗದಲ್ಲಿ, ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಹಳೆಯ ಕಾಳಿನ ಮೇಲೆ ಹೊಸ ಕಾಳು ಸುರಿಯಬೇಡಿ. ಒಂದೇ ಪಾತ್ರೆಯಲ್ಲಿ ಅರ್ಧ ಬೆಂದು ಅರ್ಧ ಬೇಯದಿದ್ದರೆ ಆಗ ಮಾಡಲು ಏನೂ ಉಳಿದಿರುವುದಿಲ್ಲ.

ನೆನೆಸುವುದನ್ನು ಒಮ್ಮೆ ಕೂತು ನೋಡಬೇಕು. ಗಾಜಿನ ಪಾತ್ರೆಯಲ್ಲಿ ಹಾಕಿದರೆ ಚೆನ್ನಾಗಿ ಕಾಣುತ್ತದೆ. ಒಣಗಿದ ಕಾಳಿನ ಹೊಟ್ಟೆಯ ಮೇಲೊಂದು ಬಿಳಿ ಕಣ್ಣಿದೆ. ಕಾಯಿಯೊಳಗೆ ಇದ್ದಾಗ ತಾಯಿಗಿಡಕ್ಕೆ ಅಂಟಿಕೊಂಡಿದ್ದ ಗುರುತು ಅದು. ನೀರು ಮೊದಲು ಒಳಗೆ ಇಳಿಯುವುದು ಬಹುಮಟ್ಟಿಗೆ ಆ ಕಣ್ಣಿನ ಆಸುಪಾಸಿನಿಂದಲೇ. ಸ್ವಲ್ಪ ಹೊತ್ತಿನಲ್ಲಿ ಸಿಪ್ಪೆ ಹಿಗ್ಗಿ, ತಿರುಳು ಇನ್ನೂ ಹಿಗ್ಗದೆ, ಕಾಳಿನ ಮೇಲೆಲ್ಲ ಸುಕ್ಕು ಬೀಳುತ್ತದೆ. ಈ ಹಂತದಲ್ಲಿ ನೋಡಿದವರಿಗೆ ಕಾಳು ಹಾಳಾಯಿತೇನೋ ಎನಿಸಬಹುದು. ಗಂಟೆಗಳು ಕಳೆದ ಹಾಗೆ ಒಳಗಿನ ತಿರುಳೂ ನೀರು ಕುಡಿದು ಸುಕ್ಕನ್ನು ಒಳಗಿನಿಂದ ತುಂಬುತ್ತದೆ, ಕಾಳು ಮತ್ತೆ ನುಣ್ಣಗಾಗುತ್ತದೆ. 250 ಗ್ರಾಂ ಒಣಕಾಳು ಸುಮಾರು ಅರ್ಧ ಕಿಲೋ ತೂಗುವಷ್ಟು ಆಗುತ್ತದೆ. ನೆನೆದಿದೆಯೇ ಎಂದು ತಿಳಿಯಲು ಒಂದನ್ನು ಎರಡು ಹೋಳು ಮಾಡಿ ನೋಡಿ. ಅಂಚಿನಿಂದ ನಡುವಿನವರೆಗೆ ಒಂದೇ ಬಣ್ಣವಿದ್ದರೆ ಸರಿ. ನಡುವೆ ಒಣಗಿದ ಚುಕ್ಕೆಯಿದ್ದರೆ ಇನ್ನೂ ಹೊತ್ತು ಬೇಕು. ಎಂಟರಿಂದ ಹನ್ನೆರಡು ಗಂಟೆ ಸಾಮಾನ್ಯ ಲೆಕ್ಕ. ಸೆಕೆಯ ದಿನಗಳಲ್ಲಿ ಪಾತ್ರೆಯನ್ನು ಫ್ರಿಜ್‌ನಲ್ಲಿಡಿ, ಇಲ್ಲವಾದರೆ ನೊರೆ ಬಂದು ಹುಳಿವಾಸನೆ ಹಿಡಿಯುತ್ತದೆ. ರಾತ್ರಿ ನೆನೆಸಲು ಮರೆತಿದ್ದರೆ ಕಾಳನ್ನು ಎರಡು ನಿಮಿಷ ಕುದಿಸಿ, ಒಲೆ ಆರಿಸಿ, ಮುಚ್ಚಿ ಒಂದು ಗಂಟೆ ಬಿಟ್ಟರೂ ಕೆಲಸ ನಡೆಯುತ್ತದೆ.

ಈಗ ಹೇಳುವ ಮಾತನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ. ಕೆಂಪು ರಾಜ್ಮಾ ಕಾಳಿನಲ್ಲಿ ಫೈಟೋಹಿಮಾಗ್ಲುಟಿನಿನ್ ಎಂಬ ವಿಷವಸ್ತು ಇದೆ. ಹೆಸರು ಉದ್ದ, ಕೆಲಸ ಚುರುಕು. ನೆನೆಸಿದ ಹಸಿ ಕಾಳನ್ನು ನಾಲ್ಕೈದು ತಿಂದರೂ ಒಂದರಿಂದ ಮೂರು ಗಂಟೆಯೊಳಗೆ ತೀವ್ರವಾದ ಓಕರಿಕೆ, ವಾಂತಿ, ಮುಂದೆ ಭೇದಿ ಶುರುವಾಗಬಹುದು. ಪೂರ್ತಿ ಕುದಿಯುವ ನೀರಿನಲ್ಲಿ ಈ ವಿಷ ಹತ್ತು ನಿಮಿಷದಲ್ಲಿ ನಾಶವಾಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಇನ್ನೂ ಎಚ್ಚರಿಕೆಯಿಂದ ಕನಿಷ್ಠ ಐದು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕುದಿಸಲು ಹೇಳುತ್ತದೆ. ನಾನು ಅರ್ಧ ಗಂಟೆಯ ಲೆಕ್ಕವನ್ನೇ ಹಿಡಿಯುತ್ತೇನೆ. ಅಪಾಯವಿರುವುದು ಕುದಿಯದೆ ಬರೀ ಬೆಚ್ಚಗೆ ಬೇಯುವಲ್ಲಿ. ಸ್ಲೋ ಕುಕ್ಕರ್‌ನಂತಹ ಪಾತ್ರೆಯಲ್ಲಿ ಕಾಳು 80 ಡಿಗ್ರಿ ಸೆಲ್ಸಿಯಸ್‌ನ ಸುತ್ತಮುತ್ತಲೇ ಗಂಟೆಗಟ್ಟಲೆ ಉಳಿದರೆ ಮೆತ್ತಗೇನೋ ಆಗುತ್ತದೆ, ವಿಷ ಮಾತ್ರ ಹೋಗುವುದಿಲ್ಲ, ಹಸಿ ಕಾಳಿಗಿಂತ ಹೆಚ್ಚಾಗಲೂಬಹುದು. ಅಂಥ ಪಾತ್ರೆ ಬಳಸುವವರು ಮೊದಲು ಒಲೆಯ ಮೇಲೆ ಕಾಳನ್ನು ಕುದಿಸಿಕೊಂಡೇ ಅದಕ್ಕೆ ಹಾಕಬೇಕು. ಕಡಲೆ, ಅಲಸಂದೆಗಳಲ್ಲಿ ಈ ತೊಂದರೆ ಇಷ್ಟಿಲ್ಲ.

ಹಾಗಾಗಿ ಎರಡು ನೀರುಗಳನ್ನು ಬೇರೆ ಬೇರೆಯಾಗಿ ನೆನಪಿಡಿ. ನೆನೆಸಿದ ನೀರು ಚೆಲ್ಲುವ ನೀರು. ಬೇಯಿಸಿದ ನೀರು ಕಟ್ಟು, ಅದನ್ನು ಚೆಲ್ಲಬಾರದು.

ಒಲೆಯ ಮೇಲಿನ ಕೆಲಸ ದೊಡ್ಡದೇನಲ್ಲ. ಕಾಳಿನ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ಹೊಸ ನೀರು, ಸ್ವಲ್ಪ ಉಪ್ಪು, ಒಂದು ಪಲಾವ್ ಎಲೆ, ಎರಡು ಹೋಳು ಮಾಡಿದ ಒಂದು ಈರುಳ್ಳಿ, ಸಿಪ್ಪೆಸಮೇತ ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ. ಜೋರಾಗಿ ಕುದಿ ಬಂದಾಗ ಬೂದುಬಣ್ಣದ ನೊರೆ ಏಳುತ್ತದೆ, ಅದನ್ನು ಸೌಟಿನಿಂದ ತೆಗೆದುಬಿಡಿ. ಅರ್ಧ ಗಂಟೆಯ ಕುದಿ ಮುಗಿದ ಮೇಲೆ ಉರಿ ಇಳಿಸಿ. ಇನ್ನು ಮುಂದೆ ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟು ಬಿಸಿ ಸಾಕು. ಕೊತಕೊತನೆ ಕುದಿಸುತ್ತಲೇ ಇದ್ದರೆ ಕಾಳುಗಳು ಒಂದಕ್ಕೊಂದು ಬಡಿದು ಸಿಪ್ಪೆ ಬಿಡುತ್ತವೆ. ನೀರು ಇಳಿದರೆ ಬಿಸಿನೀರನ್ನೇ ಸೇರಿಸಿ.

ಹದ ನೋಡುವ ಒಂದು ಹಳೆಯ ಉಪಾಯ ನನಗೆ ಬಹಳ ಇಷ್ಟ. ಸೌಟಿನಲ್ಲಿ ನಾಲ್ಕು ಕಾಳು ಎತ್ತಿಕೊಂಡು ಮೆಲ್ಲಗೆ ಊದಿ. ಸಿಪ್ಪೆ ಬಿರಿದು ಸುರುಳಿ ಸುತ್ತಿಕೊಂಡರೆ ಕಾಳು ಹದದ ಹತ್ತಿರ ಬಂದಿದೆ ಎಂದು ತಿಳಿಯಿರಿ. ಅಲ್ಲಿಂದ ಮುಂದೆ ನಾಲಗೆಯೇ ಸಾಕ್ಷಿ. ಪಾತ್ರೆಯ ಬೇರೆಬೇರೆ ಕಡೆಯಿಂದ ಐದು ಕಾಳು ತೆಗೆದು ತಿನ್ನಿ, ಐದೂ ಬೆಂದಿರಬೇಕು. ನಾಲ್ಕು ಬೆಂದು ಒಂದು ಬೇಯದಿದ್ದರೆ ಇನ್ನೂ ಬೆಂದಿಲ್ಲ ಎಂದೇ ಲೆಕ್ಕ.

ಪ್ರೆಷರ್ ಕುಕ್ಕರ್ ಬಳಸಬಾರದೇ ಎಂದು ಕೆಲವರ ಮುಖದ ಮೇಲೆ ಪ್ರಶ್ನೆ ಕಾಣುತ್ತಿದೆ. ಖಂಡಿತ ಬಳಸಿ. 1679ರಲ್ಲಿ ದೆನಿ ಪಪಾಂ ಎಂಬ ಫ್ರೆಂಚ್ ವಿಜ್ಞಾನಿ ಹಬೆಯನ್ನು ಒಳಗೇ ತಡೆದಿಡುವ ಪಾತ್ರೆಯನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ತೋರಿಸಿದ್ದ. ಗಟ್ಟಿ ಮೂಳೆಯನ್ನೂ ಮೆತ್ತಗೆ ಮಾಡುವ ಪಾತ್ರೆ ಅದು. ಇಂದಿನ ಕುಕ್ಕರ್‌ನ ಒಳಗೆ ಸುಮಾರು 120 ಡಿಗ್ರಿ ಬಿಸಿಯಿರುವುದರಿಂದ ಕಾಳು ಬೇಗ ಬೇಯುತ್ತದೆ. ಎತ್ತರದ ಪ್ರದೇಶದಲ್ಲಿ ನೀರು ಕಡಿಮೆ ಬಿಸಿಯಲ್ಲೇ ಕುದಿಯುವುದರಿಂದ ಅಲ್ಲಿರುವವರಿಗೆ ಕುಕ್ಕರ್ ಇಲ್ಲದೆ ಬಹಳ ಕಷ್ಟ. ಕಾಳು ನೊರೆ ಕಟ್ಟುವುದರಿಂದ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ನಾಲ್ಕು ಹನಿ ಎಣ್ಣೆ ಹಾಕಿ. ಕುಕ್ಕರ್‌ನಲ್ಲಿ ನಡುವೆ ಮುಚ್ಚಳ ತೆಗೆದು ನೋಡುವ ಹಾಗಿಲ್ಲ, ಅದೊಂದೇ ಕೊರತೆ. ಅದಕ್ಕೇ ನಾನು ಮುಕ್ಕಾಲು ಭಾಗ ಕುಕ್ಕರ್‌ನಲ್ಲಿ ಬೇಯಿಸಿ, ಉಳಿದದ್ದನ್ನು ತೆರೆದ ಪಾತ್ರೆಯಲ್ಲಿ ಮುಗಿಸುತ್ತೇನೆ.

ಇನ್ನು ಕಟ್ಟಿನ ಮಾತು. ನಾನು ಬಂದಿರುವುದೇ ಇದಕ್ಕೆ. ಬೆಂದ ಕಾಳನ್ನು ಜರಡಿಗೆ ಸುರಿದು ಆ ನೀರನ್ನು ಮೋರಿಗೆ ಬಿಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಒಂದೂವರೆ ಗಂಟೆ ಕಾಳಿನಿಂದ ಕರಗಿಬಂದದ್ದೆಲ್ಲ ಅದರಲ್ಲಿದೆ: ಪಿಷ್ಟ, ಪೆಕ್ಟಿನ್, ಒಂದಷ್ಟು ಪ್ರೋಟೀನ್, ಬಣ್ಣ, ಈರುಳ್ಳಿ ಬೆಳ್ಳುಳ್ಳಿಯ ಸತ್ವ. ಒಂದು ಲೋಟ ಕಟ್ಟನ್ನು ಬೆಳಕಿಗೆ ಹಿಡಿದು ನೋಡಿ, ರಾಜ್ಮಾ ಕಟ್ಟು ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಮಂದವಾಗಿರುತ್ತದೆ. ಎರಡು ಬೆರಳುಗಳ ನಡುವೆ ಉಜ್ಜಿದರೆ ನೀರಿನ ಹಾಗೆ ಜಾರುವುದಿಲ್ಲ, ತೆಳುವಾಗಿ ಅಂಟುತ್ತದೆ. ಮಸಾಲೆ ಕಾಳಿಗೆ ಹಿಡಿದುಕೊಳ್ಳುವುದು ಆ ಅಂಟಿನಿಂದ. ಕಟ್ಟು ಚೆಲ್ಲಿ ಬರೀ ನೀರು ಹಾಕಿದ ಅಡುಗೆಯಲ್ಲಿ ಕಾಳು ಒಂದು ಕಡೆ, ರಸ ಒಂದು ಕಡೆ, ಮೇಲೆ ತೇಲುವ ಎಣ್ಣೆ ಇನ್ನೊಂದು ಕಡೆ. ಆಮೇಲೆ ಗಟ್ಟಿ ಮಾಡಲೆಂದು ಹಿಟ್ಟನ್ನೋ ಕೆನೆಯನ್ನೋ ಸುರಿಯುತ್ತಾರೆ. ಮೋರಿಗೆ ಹೋದದ್ದನ್ನು ಹೀಗೆ ಬೇರೆ ದಾರಿಯಿಂದ ಮರಳಿ ತರುವ ಪ್ರಯತ್ನ ಅದು.

ಕಡಲೆಯ ಕಟ್ಟಿಗೆ ಇನ್ನೊಂದು ವಿಶೇಷವಿದೆ. ಅದನ್ನು ಚೆನ್ನಾಗಿ ಕಡೆದರೆ ಮೊಟ್ಟೆಯ ಬಿಳಿಯ ಹಾಗೆ ನೊರೆನೊರೆಯಾಗಿ ನಿಲ್ಲುತ್ತದೆ. ಮೊಟ್ಟೆಯಿಲ್ಲದೆ ಸಿಹಿತಿನಿಸು ಮಾಡುವವರು ಇದನ್ನು ಪ್ರಚಾರಕ್ಕೆ ತಂದರು. 2015ರಲ್ಲಿ ಅದಕ್ಕೆ ಅಕ್ವಾಫಾಬಾ ಎಂಬ ಹೆಸರೂ ಬಂತು. ಲ್ಯಾಟಿನ್‌ನಲ್ಲಿ ಅಕ್ವಾ ಎಂದರೆ ನೀರು, ಫಾಬಾ ಎಂದರೆ ಕಾಳು. ಕನ್ನಡದ ಕಟ್ಟು ಎಂಬ ಎರಡಕ್ಷರದ ಮಾತು ಇದಕ್ಕಿಂತ ಚೆಂದ ಎಂದು ನನ್ನ ಅನಿಸಿಕೆ.

ಈಗ ಖಾರ, ಮಸಾಲೆಗೆ ಬರೋಣ. ಮಸಾಲೆಯ ಪರಿಮಳದ ಬಹುಪಾಲು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಕುದಿಯುವ ಕಾಳಿನ ಮೇಲೆ ಮಸಾಲೆಪುಡಿ ಉದುರಿಸಿದರೆ ಪುಡಿ ಪುಡಿಯಾಗಿಯೇ ಉಳಿದು ನಾಲಗೆಗೆ ಹಸಿಹಸಿ ಸಿಗುವುದು ಇದರಿಂದಲೇ. ಎಣ್ಣೆಯಲ್ಲಿ ಅರಳಿದ ಮಸಾಲೆ ಬೇರೆಯದೇ ಪದಾರ್ಥ.

ಆದರೆ ಎಣ್ಣೆಯಲ್ಲೂ ಎಲ್ಲದಕ್ಕೂ ಒಂದೇ ಹೊತ್ತಲ್ಲ. ಇಡಿ ಜೀರಿಗೆ ಬಿಸಿ ಎಣ್ಣೆಗೆ ಬಿದ್ದ ಕೂಡಲೇ ಸುತ್ತಲೂ ಸಣ್ಣ ಗುಳ್ಳೆ ಎದ್ದು, ಕಂದುಬಣ್ಣ ಒಂದು ಛಾಯೆ ದಟ್ಟವಾಗಿ, ಘಮ ಮೂಗಿಗೆ ಬಡಿಯುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ. ಚಕ್ಕೆ, ಒಣಮೆಣಸಿನಕಾಯಿಗಳೂ ಆಗಲೇ ಬೀಳಬೇಕು. ಪುಡಿಗಳಿಗೆ ಅಷ್ಟು ತಾಳಿಕೆಯಿಲ್ಲ. ಕೊತ್ತಂಬರಿ ಪುಡಿ, ಖಾರದ ಪುಡಿ ಬರೀ ಎಣ್ಣೆಗೆ ಬಿದ್ದರೆ ಕೆಲವೇ ಕ್ಷಣಗಳಲ್ಲಿ ಕರಕಲಾಗಿ ಕಹಿಯಾಗುತ್ತವೆ. ಈರುಳ್ಳಿ ಬಾಡಿದ ಮೇಲೆ, ಅದರ ತೇವದ ಆಸರೆಯಲ್ಲಿ, ಉರಿ ತಗ್ಗಿಸಿ ಪುಡಿ ಹಾಕಿ. ಬೇಕಾದರೆ ಎರಡು ಚಮಚ ಕಟ್ಟು ಚಿಮುಕಿಸಿ. ಖಾರದ ಪುಡಿಯ ಕೆಂಪು ಎಣ್ಣೆಗೆ ಇಳಿಯುವುದನ್ನು ಕಣ್ಣಾರೆ ನೋಡಬಹುದು.

ಈರುಳ್ಳಿಯ ವಿಷಯದಲ್ಲಿ ಪಾಕಪುಸ್ತಕಗಳು ನಮಗೆ ಸರಿಯಾಗಿ ಹೇಳುವುದಿಲ್ಲ. ಐದು ನಿಮಿಷದಲ್ಲಿ ಕಂದು ಬಣ್ಣಕ್ಕೆ ಹುರಿಯಿರಿ ಎಂದು ಬರೆದಿರುತ್ತದೆ. ಐದು ನಿಮಿಷದಲ್ಲಿ ಈರುಳ್ಳಿ ಪಾರದರ್ಶಕವಾದೀತು, ಅಷ್ಟೇ. ಎರಡು ದೊಡ್ಡ ಈರುಳ್ಳಿ ಒಂದೇ ಸಮನಾಗಿ ಜೇನಿನ ಬಣ್ಣ ದಾಟಿ ಕಂದಾಗಲು ಮಧ್ಯಮ ಉರಿಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಬೇಕೇ ಬೇಕು. ಮೊದಲು ಅದರ ನೀರು ಆವಿಯಾಗಬೇಕು, ಆಮೇಲಷ್ಟೇ ಬಣ್ಣ. ತಳಕ್ಕೆ ಅಂಟಿದ ಕಂದು ಪೊರೆಯನ್ನು ಒಂದು ಸೌಟು ಕಟ್ಟು ಹಾಕಿ ಕೆರೆದು ಎಬ್ಬಿಸಿ. ಮಾಂಸವಿಲ್ಲದ ಕಾಳಿನ ಅಡುಗೆಗೆ ಬರುವ ಗಾಢವಾದ ರುಚಿಯ ದೊಡ್ಡ ಪಾಲು ಆ ಪೊರೆಯಲ್ಲಿದೆ.

ಒಣಮೆಣಸಿನಕಾಯಿಯ ಖಾರ ಬೀಜದಲ್ಲಿದೆ ಎಂದು ತಿಳಿದು ಬೀಜ ಉದುರಿಸುವವರು ಬಹಳ ಜನ. ಖಾರ ತಯಾರಾಗುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ದಿಂಡಿನಲ್ಲಿ. ಬೀಜಕ್ಕೆ ಅದು ತಗಲಿಕೊಂಡಿರುತ್ತದೆ ಅಷ್ಟೇ. ಖಾರ ಕಡಿಮೆ ಬೇಕು, ಬಣ್ಣ ಘಮ ಬೇಕು ಎನ್ನುವವರು ಆ ದಿಂಡನ್ನು ತೆಗೆಯಬೇಕು.

ರಾಜ್ಮಾ, ಮೆಣಸಿನಕಾಯಿ, ಟೊಮ್ಯಾಟೊ ಒಂದು ಪಾತ್ರೆಯಲ್ಲಿ ಇಷ್ಟು ಚೆನ್ನಾಗಿ ಕೂಡುವುದನ್ನು ಕಂಡಾಗಲೆಲ್ಲ ನನಗೆ ಅವುಗಳ ಹುಟ್ಟು ನೆನಪಾಗುತ್ತದೆ. ಮೂರೂ ಅಮೆರಿಕ ಖಂಡಗಳವು. ರಾಜ್ಮಾದ ಜಾತಿಯನ್ನು ಮೆಕ್ಸಿಕೊ ಕಡೆಯ ಜನ ಮತ್ತು ಆಂಡಿಸ್ ಪರ್ವತದ ಜನ, ಒಬ್ಬರಿಗೊಬ್ಬರು ತಿಳಿಯದೆ, ಎರಡು ಕಡೆ ಬೇರೆಬೇರೆಯಾಗಿ ಕಾಡಿನ ಬಳ್ಳಿಯಿಂದ ಹೊಲದ ಬೆಳೆಯಾಗಿ ಪಳಗಿಸಿದರು. 1492ರಲ್ಲಿ ಕೊಲಂಬಸ್ ಅಲ್ಲಿಗೆ ತಲುಪಿದ ನಂತರವೇ ಇವು ಸಮುದ್ರ ದಾಟಿ ಜಗತ್ತಿನ ಉಳಿದೆಡೆಗೆ ಬಂದವು. ಖಾರಕ್ಕೆ ಅದಕ್ಕೂ ಮೊದಲು ಇದ್ದದ್ದು ಮೆಣಸು. ಹೊಸದಾಗಿ ಬಂದ ಕಾಯಿಗೆ ಕನ್ನಡ ಆ ಹಳೆಯ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದಿತು. ಆಮೇಲೆ ಗೊಂದಲವಾಗದಿರಲೆಂದು ಹಳೆಯ ಮೆಣಸೇ ಕಾಳುಮೆಣಸಾಗಬೇಕಾಯಿತು.

ಬಿಳಿ ಬಟ್ಟಲಿನ ಅಡುಗೆಯನ್ನು ಈಗ ಮೊದಲಿನಿಂದ ಹೇಳುತ್ತೇನೆ. ನಾಲ್ಕೈದು ಜನರ ಊಟಕ್ಕೆ 250 ಗ್ರಾಂ ಕಾಳು. ಬೆಂದ ಕಾಳು ಕಟ್ಟಿನೊಳಗೇ ಇರಲಿ. ದಪ್ಪ ತಳದ ಬಾಣಲೆಯಲ್ಲಿ ನಾಲ್ಕು ದೊಡ್ಡ ಚಮಚ ಎಣ್ಣೆ ಕಾಯಿಸಿ ಒಂದು ಚಮಚ ಜೀರಿಗೆ, ಎರಡು ಒಣಮೆಣಸಿನಕಾಯಿ, ಬೆರಳುದ್ದದ ಚಕ್ಕೆ. ಹಿಂದೆಯೇ ಎರಡು ಈರುಳ್ಳಿ, ಹೇಳಿದೆನಲ್ಲ, ಇಪ್ಪತ್ತು ನಿಮಿಷ. ಆಮೇಲೆ ಜಜ್ಜಿದ ಆರು ಎಸಳು ಬೆಳ್ಳುಳ್ಳಿ ಮತ್ತು ಒಂದಿಂಚು ಶುಂಠಿ, ಹಸಿವಾಸನೆ ಹೋಗುವವರೆಗೆ. ಉರಿ ತಗ್ಗಿಸಿ ಎರಡು ಚಮಚ ಕೊತ್ತಂಬರಿ ಪುಡಿ, ಒಂದು ಚಮಚ ಖಾರದ ಪುಡಿ, ಅರ್ಧ ಚಮಚ ಅರಿಶಿನ. ಅರ್ಧ ನಿಮಿಷ ಕಳೆದು ಮೂರು ಟೊಮ್ಯಾಟೊ ಹೆಚ್ಚಿ ಹಾಕಿ. ಇಲ್ಲಿ ಆತುರ ಬೇಡ. ಟೊಮ್ಯಾಟೊ ನೀರು ಬಿಡುತ್ತದೆ, ಮಸಾಲೆ ಸಡಿಲವಾಗಿ ಸಿಡಿಯುತ್ತದೆ. ಹತ್ತು ನಿಮಿಷದ ಹೊತ್ತಿಗೆ ಸದ್ದು ಬದಲಾಗುತ್ತದೆ, ಕೊತಕೊತ ಹೋಗಿ ಚರಚರ ಬರುತ್ತದೆ. ಮಸಾಲೆ ಒಂದು ಮುದ್ದೆಯಾಗಿ ಬಾಣಲೆಯ ಬದಿಯನ್ನು ಬಿಡುತ್ತದೆ, ಅಂಚಿನಲ್ಲಿ ಕೆಂಪೆಣ್ಣೆ ಮಿನುಗುತ್ತದೆ. ಮಸಾಲೆ ಎಣ್ಣೆ ಬಿಟ್ಟಿತು ಎನ್ನುವುದು ಇದಕ್ಕೆ. ನೀರೆಲ್ಲ ಆವಿಯಾಯಿತು, ಈಗ ಮಸಾಲೆ ನಿಜವಾಗಿ ಹುರಿಯುತ್ತಿದೆ ಎಂದು ಅದರ ಅರ್ಥ. ಅಷ್ಟಾಗುವ ಮೊದಲು ಕಾಳು ಹಾಕಿದರೆ ಆ ಹಸಿತನ ಕೊನೆಯವರೆಗೂ ಹೋಗುವುದಿಲ್ಲ.

ಈಗ ಕಾಳು, ಕಟ್ಟಿನ ಸಮೇತ. ಒಂದು ಸೌಟು ಕಾಳನ್ನು ಬಾಣಲೆಯ ಬದಿಗೆ ಒತ್ತಿ ಮಸೆದು ಮತ್ತೆ ಕಲಸಿ. ರಸ ಕಣ್ಣೆದುರೇ ಗಟ್ಟಿಯಾಗುತ್ತದೆ. ಮುಚ್ಚಳ ಅರೆತೆರೆದು ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಉಪ್ಪು ನೋಡುವುದು ಆಗ, ಕಟ್ಟಿನಲ್ಲಿ ಮೊದಲೇ ಒಂದಷ್ಟು ಇರುತ್ತದೆ. ಒಲೆ ಆರಿಸಿದ ಮೇಲೆ ನಿಂಬೆರಸ, ಹೆಚ್ಚಿದ ಕೊತ್ತಂಬರಿ ಸೊಪ್ಪು, ಹುರಿದು ಆಗಷ್ಟೇ ಪುಡಿ ಮಾಡಿದ ಅರ್ಧ ಚಮಚ ಜೀರಿಗೆ. ಮೊದಲು ಹಾಕಿದ ಜೀರಿಗೆಯ ರುಚಿ ಅಡುಗೆಯ ಆಳಕ್ಕೆ ಇಳಿದಿರುತ್ತದೆ, ಕೊನೆಯ ಜೀರಿಗೆಯ ಘಮ ಮೇಲೆ ನಿಲ್ಲುತ್ತದೆ. ಏನೋ ಕಡಿಮೆಯಾಗಿದೆ ಎನಿಸಿದಾಗ ನಾವು ಇನ್ನಷ್ಟು ಖಾರ ಹಾಕಲು ಹೋಗುತ್ತೇವೆ. ಬಹಳ ಸಲ ಕಡಿಮೆಯಾಗಿರುವುದು ಹುಳಿ. ಕಾಳಿನಲ್ಲಿರುವ ಕಬ್ಬಿಣ ಮೈಗೆ ಹತ್ತಲು ಸಿ ಜೀವಸತ್ವ ನೆರವಾಗುವುದರಿಂದ ಆ ನಿಂಬೆರಸ ದೇಹಕ್ಕೂ ಒಳ್ಳೆಯದು.

ಆರೋಗ್ಯದ ಮಾತು ಇಷ್ಟು ಸಾಕು: ಒಣಕಾಳಿನ ತೂಕದಲ್ಲಿ ಸುಮಾರು ಐದನೆಯ ಒಂದರಿಂದ ಕಾಲು ಭಾಗ ಪ್ರೋಟೀನ್, ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಪ್ರೋಟೀನಿನ ಘಟಕ ಕಾಳಿನಲ್ಲಿ ಧಾರಾಳ. ವಿಶ್ವಸಂಸ್ಥೆ 2016ನ್ನು ದ್ವಿದಳ ಧಾನ್ಯಗಳ ವರ್ಷವೆಂದು ಆಚರಿಸಿತು, ಈಗ ಪ್ರತಿ ಫೆಬ್ರುವರಿ 10 ಅವುಗಳ ದಿನ.

ಮಾತು ಮುಗಿದ ಮೇಲೆ ಸಭಿಕರು ಕೆಲವು ಪ್ರಶ್ನೆ ಕೇಳಿದರು. ಉತ್ತರಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಹೊಟ್ಟೆಯುಬ್ಬರದ ಬಗ್ಗೆ ಒಬ್ಬ ಹಿರಿಯರು ಕೇಳಿದರು. ಕಾಳಿನಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮ ದೇಹದಲ್ಲಿಲ್ಲ. ಒಡೆಯದೆ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನು ತಿಂದು ಗಾಳಿ ಬಿಡುತ್ತವೆ. ನೆನೆಸಿದ ನೀರನ್ನು ಚೆಲ್ಲಿದರೆ ಸ್ವಲ್ಪ ಭಾಗ ಹೋಗುತ್ತದೆ, ಮೊಳಕೆ ಬರಿಸಿದರೆ ಇನ್ನಷ್ಟು. ರೂಢಿಯಿಲ್ಲದವರು ಮೊದಲ ವಾರ ಎರಡು ಮೂರು ಚಮಚದಿಂದ ಶುರುಮಾಡಲಿ.

ಡಬ್ಬದ ಕಾಳು ಬಳಸಬಹುದೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದರು. ಧಾರಾಳವಾಗಿ. ಅದು ಪೂರ್ತಿ ಬೆಂದಿರುತ್ತದೆ, ಹಾಗಾಗಿ ವಿಷದ ಭಯವಿಲ್ಲ. ಆ ಡಬ್ಬದ ನೀರೂ ಕಟ್ಟೇ, ಉಪ್ಪು ಹೆಚ್ಚಿದ್ದರೆ ಮಾತ್ರ ಅರ್ಧ ಬಳಸಿ. ಮಸಾಲೆಯ ಕೆಲಸದಲ್ಲಿ ಮಾತ್ರ ಒಂದು ನಿಮಿಷವನ್ನೂ ಉಳಿಸಲು ಹೋಗಬೇಡಿ.

ಒಬ್ಬರೇ ಇರುವವರು ಇಷ್ಟು ಕಾಳು ಬೇಯಿಸಿ ಏನು ಮಾಡಬೇಕು ಎಂಬುದು ಮತ್ತೊಂದು ಪ್ರಶ್ನೆ. ಬೆಂದ ಕಾಳನ್ನು ಕಟ್ಟಿನಲ್ಲಿ ಮುಳುಗಿಸಿ ಸಣ್ಣ ಡಬ್ಬಗಳಲ್ಲಿ ಫ್ರೀಜರ್‌ನಲ್ಲಿಡಿ. ಬರೀ ಕಾಳಿಟ್ಟರೆ ಸಿಪ್ಪೆ ಒಣಗಿ ಬಿರಿಯುತ್ತದೆ. ಮಸಾಲೆ ಹಾಕಿದ ಅಡುಗೆಯನ್ನು ಎರಡು ಗಂಟೆಯೊಳಗೆ ತಣಿಸಿ ಫ್ರಿಜ್‌ಗೆ ಸೇರಿಸಿ. ಮರುದಿನ ಅದು ಮೊಸರಿನ ಹಾಗೆ ಗಡ್ಡೆ ಕಟ್ಟಿರುತ್ತದೆ, ಗಾಬರಿ ಬೇಡ, ಪಿಷ್ಟ ಬಿಗಿದುಕೊಂಡಿದೆ ಅಷ್ಟೇ. ಸ್ವಲ್ಪ ಬಿಸಿನೀರು ಹಾಕಿ ಕುದಿಸಿದರೆ ಹಿಂದಿನ ದಿನಕ್ಕಿಂತ ರುಚಿಯಾಗಿರುತ್ತದೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿಯದು: "ನೀಲಿ ಬಟ್ಟಲಿನ ಕಾಳನ್ನು ಇನ್ನು ಎಸೆಯುವುದೇನಾ?" ಇಲ್ಲಮ್ಮ. ಚಿಟಿಕೆ ಸೋಡಾ ಹಾಕಿದರೆ ಬುಸ್ಸೆಂದು ನೊರೆ ಬರುತ್ತದೆ, ಟೊಮ್ಯಾಟೊದ ಹುಳಿ ಒಂದಷ್ಟು ಇಳಿಯುತ್ತದೆ. ಎರಡು ಲೋಟ ಬಿಸಿನೀರು ಹಾಕಿ ಮುಚ್ಚಿಟ್ಟರೆ ನಿಧಾನವಾಗಿ ಬೇಯುತ್ತದೆ, ಕೊನೆಗೆ ಕಳೆದುಹೋದ ಹುಳಿಯನ್ನು ನಿಂಬೆರಸದಿಂದ ತುಂಬಿಕೊಳ್ಳಬಹುದು. ಆ ಕಾಳಿನ ಉಳಿದ ಪಾಲು ನಾನು ಮಾತು ಶುರುಮಾಡಿದಾಗಿನಿಂದ ಪಕ್ಕದ ಕೋಣೆಯ ಒಲೆಯ ಮೇಲಿದೆ. ಬನ್ನಿ, ಮುಚ್ಚಳ ತೆಗೆದು ಒಂದು ಸೌಟು ಎತ್ತಿ ಊದಿ ನೋಡೋಣ.